ಸುಟ್ಟ ಕೈಗೊಂದು ಕರಗುವ ಹಾಳೆ

ವಾರ್ಡಿನ ಬಾಗಿಲಲ್ಲೇ ಅವಳ ಕಾಲು ನಿಂತುಬಿಟ್ಟಿತು.

ಸುಟ್ಟಗಾಯದ ಡಾಕ್ಟರ್ ಮಂಚದ ಪಕ್ಕ ಕೂತು, ಒಬ್ಬ ಹೆಂಗಸಿನ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದ. ಆಕೆ ನಗುತ್ತಿದ್ದಳು. ಅವನೂ...

ಮೇಲಿನ ಮಹಡಿಯ ಲ್ಯಾಬಿನಲ್ಲಿ ಎರಡು ವರ್ಷದಿಂದ ಅವಳು ಜೆಲ್ ಹಾಳೆ ತಯಾರಿಸುತ್ತಿದ್ದಳು. ಗಾಯದ ಮೇಲೆ ತಂಪಾಗಿ ಕೂತು, ಹೊಸ ಚರ್ಮ ಬರುತ್ತಿದ್ದಂತೆ ತಾನೇ ಕರಗಿಹೋಗುವ ಹಾಳೆ. ಪಟ್ಟಿ ಕಿತ್ತು ತೆಗೆಯುವ ನರಕವಿಲ್ಲ. ವಾರ್ಡಿನವರಿಗೆಲ್ಲ ಅವಳು 'ಜೆಲ್ಲಿ ಮೇಡಂ'.

"ಯಾರು ಅವ್ರು?" ನರ್ಸಕ್ಕನನ್ನು ಮೆಲ್ಲಗೆ ಕೇಳಿದಳು.

"ಡಾಕ್ಟರ್ ಜೊತೆ ಮದುವೆ ಗೊತ್ತಾಗಿ ಮುರಿದುಹೋಯ್ತಲ್ಲ, ಅವ್ರೇ. ಕೈಮೇಲೆ ಬಿಸಿ ಎಣ್ಣೆ ಬಿದ್ದಿದೆ, ಪಾಪ."

ಅವಳು ವಾಪಸ್ ಹೋಗಲು ತಿರುಗಿದಳು.

ಡಾಕ್ಟರ್ ತಲೆಯೆತ್ತಿದ. "ಬಂದ್ರಾ ಮೇಡಂ? ನಾಳೆಯೊಳಗೆ ತೆಳ್ಳನೆಯ ಹಾಳೆ ಬೇಕು. ಬೆರಳು ಮಡಚೋಕಾಗ್ಬೇಕು. ಇವಳು ಬಟ್ಟೆ ಹೊಲಿಯೋಳು."

'ಇವಳು'! ನನಗೆ ಇವತ್ತಿಗೂ 'ಮೇಡಂ'...

"ನಾಳೆ ಆಗಲ್ಲ. ಮಿಷನ್ ಕೆಟ್ಟಿದೆ."

ಮಿಷನ್ ಚೆನ್ನಾಗಿಯೇ ಇತ್ತು.

ಲ್ಯಾಬಿಗೆ ಬಂದವಳಿಗೆ ಕೂರಲಾಗಲಿಲ್ಲ. ಕಣ್ಣ ಮುಂದೆ ಅವನ ನಗು. ಆಮೇಲೆ ಆ ಊದಿದ ಬೆರಳುಗಳು... 'ಛೀ, ಎಷ್ಟು ಸಣ್ಣವಳಾಗಿಬಿಟ್ಟೆ!' ಊಟ ಬಿಟ್ಟು ಹಾಳೆ ಎರೆಯಲು ನಿಂತಳು.

ಮರುದಿನ ಬೆಳಿಗ್ಗೆ ನರ್ಸಕ್ಕ ಅದನ್ನು ಹೊದಿಸುತ್ತಿದ್ದರೆ, ಲ್ಯಾಬಿನಿಂದ ಇಳಿದು ಬಂದ ಅವಳು ಆ ಹೆಂಗಸಿನ ಕೈ ಹಿಡಿದುಕೊಂಡಳು.

"ಅಬ್ಬಾ... ಉರಿ ಇಳೀತು," ಎಂದು ಆಕೆ ಕಣ್ಣು ಮುಚ್ಚಿದಳು.

"ಕ್ಷಮಿಸಿ," ಎಂದಳು ಅವಳು. "ನಿನ್ನೆ ಸುಳ್ಳು ಹೇಳಿದೆ. ಮಿಷನ್ ಕೆಟ್ಟಿರಲಿಲ್ಲ. ನಿಮ್ಮಿಬ್ಬರನ್ನ ನೋಡಿ ಹೊಟ್ಟೆ ಉರೀತು."

ಆಕೆ ಕಣ್ಣರಳಿಸಿದಳು. ಆಮೇಲೆ ಜೋರಾಗಿ ನಕ್ಕಳು!

"ಅವನನ್ನ ಬೇಡ ಅಂದೋಳೇ ನಾನು ಕಣ್ರೀ! ನಿನ್ನೆ ನಕ್ಕಿದ್ದೂ ನಿಮ್ಮ ವಿಷಯಕ್ಕೇ. ನನ್ನ ಬೆರಳು ನೋಡ್ತಾನೂ 'ಮೇಡಂ ಹಾಗಂದ್ರು, ಮೇಡಂ ಹೀಗಂದ್ರು'. ನಿಮ್ಮೆದುರು ಹೇಳೋಕೆ ಮಾತ್ರ ಬಾಯಿಲ್ಲ!"

ಹಿಂದಿನಿಂದ ಕೆಮ್ಮು ಕೇಳಿಸಿತು. ಬಾಗಿಲಲ್ಲಿ ಡಾಕ್ಟರ್... ಕಿವಿಯವರೆಗೂ ಕೆಂಪಾಗಿದ್ದ.

ಅವಳು ಕಾರಿಡಾರಿಗೆ ಓಡಿದಳು. ಅವನೂ ಹಿಂದೆಯೇ ಬಂದ.

"ಎಲ್ಲಾ ಕೇಳಿಸ್ಕೊಂಡ್ರಾ?"

"ಹೊಟ್ಟೆ ಉರೀತು ಅಂದ್ರಲ್ಲ, ಅಲ್ಲಿಂದ."

"ನಗ್ಬೇಡಿ! ನನ್ನ ಸಿಟ್ಟಿಗೆ ರೋಗಿ ನರಳ್ತಿದ್ರು."

"ತಪ್ಪೇ. ಇನ್ಮೇಲೆ ಸಿಟ್ಟು ಬಂದ್ರೆ ನನ್ಮೇಲೇ ತೀರಿಸ್ಕೊಳ್ಳಿ." ಅವನ ದನಿ ಇಳಿಯಿತು. "ಜೀವನಪೂರ್ತಿ... ಆಗುತ್ತಾ?"

ಅವಳ ಕಣ್ಣು ತುಂಬಿ ಬಂತು.

"ಆಗುತ್ತೆ. ಆದ್ರೆ ನಾನು ತುಂಬಾ ಹೊಟ್ಟೆಕಿಚ್ಚಿನವಳು."

"ಗೊತ್ತಾಯ್ತು," ಎಂದು ಅವನು ಮೆಲ್ಲಗೆ ಅವಳ ಕೈ ಹಿಡಿದ. "ಇರಲಿ ಬಿಡಿ. ನನಗೆ ಖುಷಿಯೇ."