ಎರಡನೇ ಬೇಸ್ ಖಾಲಿ

"ನಿಮಗೆ ಕಣ್ಣು ಕಾಣುತ್ತಾ?"

ಗಸ್‌ನ ಬಿಯರ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೇಳಿದವಳು ವೆರ್ನಾ ಹ್ರುಸ್ಕಾ, ಊರಿನ ಬೇಕರಿಯವಳು. ಕೇಳಿಸಿಕೊಂಡವನು ಎಮೆಟ್ ಡಾಲ್, ರಸ್ತೆ ಅಳೆಯುವ ಸರ್ವೇಯರ್. ಅವನು ಆ ಊರಿಗೆ ಬಂದದ್ದೇ ಆ ವಸಂತದಲ್ಲಿ. ಅವರಿಬ್ಬರ ಮೊದಲ ಮಾತು ಅದು.

"ಕಾಣುತ್ತೆ," ಎಂದ ಎಮೆಟ್.

"ಹಾಗಾದ್ರೆ ಎರಡನೇ ಬೇಸಲ್ಲಿ ಯಾರೂ ಇಲ್ಲ ಅಂತ ಯಾಕಂದ್ರಿ? ಇಷ್ಟು ವರ್ಷದಿಂದ ಅಲ್ಲಿ ನಿಂತಿರೋದೇನು, ಬೆದರುಬೊಂಬೆನಾ?"

ಊರಿನ ಬೇಸ್‌ಬಾಲ್ ತಂಡದಲ್ಲಿ ಆ ಜಾಗ ಕಾಯುತ್ತ ನಿಲ್ಲುವವನು ಅವಳ ತಮ್ಮ ಲಿಯೋನ್. ಅವನು ಪಕ್ಕದಲ್ಲೇ ಕುಳಿತು ಮಸಾಲೆ ಮೊಟ್ಟೆ ತಿನ್ನುತ್ತಿದ್ದ.

ಎಮೆಟ್ ಬಾಯಿ ತೆರೆದ. ಏನೋ ಹೇಳಬೇಕೆಂದುಕೊಂಡ. ಕೊನೆಗೆ, "ನಾನು ಹೇಳೋ ಹಾಗಿಲ್ಲ," ಎಂದಷ್ಟೇ ಹೇಳಿ ಕುಳಿತುಬಿಟ್ಟ.

ಎಂಥ ಕೊಬ್ಬು ಇವನಿಗೆ... ವೆರ್ನಾ ಅಂದೇ ತೀರ್ಮಾನಿಸಿದಳು.

ಅಯೋವಾ ರಾಜ್ಯದ ಆ ನದಿ ದಂಡೆಯ ಎಂಟು ಊರುಗಳಿಗೆ ಎಂಟು ಬೇಸ್‌ಬಾಲ್ ತಂಡ. ವಾರವೆಲ್ಲ ದುಡಿಯುವವರು ಭಾನುವಾರ ಆಡುತ್ತಿದ್ದರು. ಆ ವರ್ಷದ ಆಟವೆಲ್ಲ ಮುಗಿದ ಸಂಜೆ ಗಸ್‌ನ ಅಂಗಡಿಯಲ್ಲಿ ಪ್ರತಿಯೊಬ್ಬ ಅಭಿಮಾನಿಯೂ ಎದ್ದು ನಿಂತು, ಎಂಟೂ ತಂಡಗಳಿಂದ ತನ್ನ ಮೆಚ್ಚಿನ ಒಂಬತ್ತು ಜನರನ್ನು ಹೆಸರಿಸಬೇಕು. ಪತ್ರಿಕೆಯವರು ಆರಿಸಿದ ತಂಡಕ್ಕೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ನಿಯಮ ಒಂದೇ: ನಿನ್ನ ಕಣ್ಣಾರೆ ಆಟ ನೋಡಿದವನನ್ನು ಮಾತ್ರ ಹೆಸರಿಸು. ನೋಡಿರದಿದ್ದರೆ ಆ ಜಾಗ ಖಾಲಿ ಬಿಡು. ಎಲ್ಲರ ಬಾಯಲ್ಲೂ ಬಂದ ಹೆಸರನ್ನು ಗಸ್ ಕಾದ ಕಬ್ಬಿಣದಿಂದ ಗೋಡೆಯ ಹಲಗೆಯ ಮೇಲೆ ಸುಟ್ಟು ಬರೆಯುತ್ತಿದ್ದ; ಒಬ್ಬರು ಬಿಟ್ಟರೂ ಬರೆಯುತ್ತಿರಲಿಲ್ಲ.

ಆ ಸಂಜೆ ಎಲ್ಲರೂ ಲಿಯೋನ್ ಎಂದಿದ್ದರು. ಎಮೆಟ್ ಒಬ್ಬನೇ ಖಾಲಿ ಬಿಟ್ಟಿದ್ದ.

ಒಂದೂ ಆಟ ತಪ್ಪಿಸದವನು ನೋಡಿಲ್ಲ ಅಂದರೆ ಏನರ್ಥ? ನೋಡುವಂಥದ್ದು ಏನೂ ಇರಲಿಲ್ಲ ಅಂತ ತಾನೆ? ಊರಿಗೆ ಊರೇ ಹಾಗೆ ಅಂದುಕೊಂಡಿತು. ವೆರ್ನಾ ಹಾಗೆ ಅಂದುಕೊಂಡು ಸುಮ್ಮನಿರಲಿಲ್ಲ.

ಬೇಕರಿಗೆ ದಿನಾ ಬೆಳಗ್ಗೆ ಎಮೆಟ್ ಬರುತ್ತಿದ್ದ. ಏಪ್ರಿಕಾಟ್ ತುಂಬಿದ ಕೊಲಾಚಿ ಬನ್ ಕೇಳುತ್ತಿದ್ದ. ಬಿಸಿ ತಟ್ಟೆ ಎದುರಿಗಿದ್ದರೂ ಅವಳು ಹಿಂದಿನ ದಿನದ್ದನ್ನು ತೆಗೆದು ಕೊಡುತ್ತಿದ್ದಳು.

"ಇದು ನಿನ್ನೆಯದು ಅಲ್ವಾ?"

"ಎರಡನೇ ಬೇಸ್ ಕಾಣದವರಿಗೆ ಬನ್ ಹಳೇದು ಅಂತ ಮಾತ್ರ ಹೇಗೆ ಕಾಣುತ್ತೆ?"

ಅವನು ನಕ್ಕು ತಿನ್ನುತ್ತಿದ್ದ. ಆ ನಗುವೂ ಅವಳಿಗೆ ಅವಮಾನವೇ.

ಮೈದಾನದಲ್ಲಿ ಇನ್ನೊಂದು ಕಾಟ. ಮೂರನೇ ಬೇಸ್ ಕಡೆಯ ಮೊದಲ ಬೆಂಚು ಅವಳದು. ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು, ಅಂಪೈರನ್ನು ಬೈಯುತ್ತ, ಅರ್ಧ ಆಟ ನಿಂತೇ ಕಳೆಯುವವಳು ಅವಳು. ಅಷ್ಟೆಲ್ಲ ಬೆಂಚು ಖಾಲಿ ಇದ್ದರೂ ಎಮೆಟ್ ಬಂದು ಅವಳ ಬೆನ್ನ ಹಿಂದೆಯೇ ಕೂರುತ್ತಿದ್ದ. ಲಿಯೋನ್ ಚೆಂಡು ಬಿಟ್ಟಾಗ ನಾನು ಒದ್ದಾಡೋದು ನೋಡೋಕೆ ಅಷ್ಟು ಹತ್ತಿರ ಬೇಕು ಇವನಿಗೆ... ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಎರಡನೆಯ ವರ್ಷವೂ ಅವನು ಎಂಟೇ ಹೆಸರು ಹೇಳಿದ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಲಿಯೋನ್‌ನ ಮೊಣಕಾಲು ಕೈಕೊಟ್ಟಿತು. "ಇದೇ ಕೊನೆ, ಅಕ್ಕಾ," ಎಂದ. ಹಲಗೆಯ ಮೇಲೆ ಹೆಸರು ಬರಬೇಕೆಂದರೆ ಈ ವರ್ಷವೇ ಬರಬೇಕು.

ಅದೇ ಬೇಸಿಗೆಯಲ್ಲಿ ವೆರ್ನಾಳಿಗೆ ಇನ್ನೊಂದು ವಿಷಯ ಗೊತ್ತಾಯಿತು. ದೂರದ ಸೇತುವೆ ಕೆಲಸಕ್ಕೆಂದು ಎಮೆಟ್ ಒಂದು ವಾರ ಬರಲಿಲ್ಲ. ಅವನಿಗೆಂದು ತೆಗೆದಿಟ್ಟ ಹಳೆಯ ಬನ್ನನ್ನು ಅವಳು ಯಾರಿಗೂ ಮಾರಲಿಲ್ಲ. ಬಾಗಿಲ ಗಂಟೆ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಛೀ, ಬೈಯೋಕೆ ಜನ ಇಲ್ಲ ಅಂತ ಇಷ್ಟೊಂದು ಬೇಜಾರಾ?

ಕೊನೆಯ ಆಟದ ಹಿಂದಿನ ದಿನ ಬೆಳಗ್ಗೆ ಅವಳು ಬಿಸಿ ಬನ್ನುಗಳನ್ನು ಪೊಟ್ಟಣ ಕಟ್ಟಿ ಅವನ ಮುಂದಿಟ್ಟಳು. ಅವನು ಮುಟ್ಟಿ ನೋಡಿ ಗಾಬರಿಯಾದ.

"ಇದು ಇವತ್ತಿನದು!"

"ಗೊತ್ತು. ನಾಳೆ ಒಂಬತ್ತು ಹೆಸರು ಹೇಳಿ. ಅಷ್ಟು ಸಾಕು."

ಅವನು ಪೊಟ್ಟಣವನ್ನು ಮೆಲ್ಲನೆ ಹಿಂದಕ್ಕೆ ಸರಿಸಿದ. "ನೋಡದೆ ಹೇಳೋಕಾಗಲ್ಲ, ವೆರ್ನಾ. ನಿನ್ನೆಯದೇ ಕೊಡಿ."

ಅವಳ ಕಣ್ಣು ತುಂಬಿತು. ಅವನಿಗೆ ಕಾಣದಂತೆ ಒಲೆಯ ಕಡೆ ತಿರುಗಿಕೊಂಡಳು. "ನಿನ್ನೆಯದನ್ನ ಹಂದಿಗೆ ಹಾಕಿ ಆಯ್ತು. ನೀವು ಹೊರಡಿ. ಮತ್ತೆ ಈ ಬಾಗಿಲಿಗೆ ಬರಬೇಡಿ."

ಭಾನುವಾರ ಕೊನೆಯ ಆಟದಲ್ಲೂ ಎಮೆಟ್ ಅವಳ ಹಿಂದೆಯೇ ಕುಳಿತ. ಸಂಜೆ ಗಸ್ ಕಬ್ಬಿಣವನ್ನು ಒಲೆಗಿಟ್ಟು ಕಾಯಿಸಿದ. ಒಬ್ಬೊಬ್ಬರೂ ಎದ್ದರು. ಎಲ್ಲರ ಬಾಯಲ್ಲೂ ಲಿಯೋನ್. ಕೊನೆಗೆ ಉಳಿದವನು ಎಮೆಟ್.

"ಪಿಚರ್ ಬೊಮನ್. ಕ್ಯಾಚರ್ ಟ್ವೀಟ್. ಮೊದಲ ಬೇಸ್ ಯೋಸ್ಟ್." ಅವನು ತಡೆದ. "ಎರಡನೇ ಬೇಸ್... ಖಾಲಿ."

ವೆರ್ನಾ ಎದ್ದು ನಿಂತಳು.

"ಮೂರು ವರ್ಷ ನನ್ನ ಬೆನ್ನಿಗೆ ಅಂಟಿಕೊಂಡು ಕೂತ್ರಿ. ಎದುರಿಗೆ ಆಡಿದವನನ್ನ ನೋಡೇ ಇಲ್ಲ ಅಂತೀರಿ. ನಮ್ಮನ್ನ ಕಂಡರೆ ಅಷ್ಟು ತಾತ್ಸಾರಾನಾ? ಬಾಯಿಬಿಟ್ಟು ಹೇಳಿ, ಕೇಳಿಬಿಡ್ತೀನಿ."

ಎಮೆಟ್‌ನ ಕಿವಿ ಕೆಂಪಾಯಿತು. "ಟೋಪಿ," ಎಂದ.

"ಏನು?"

"ನಿಮ್ಮ ಟೋಪಿ. ನಾನು ಕೂತಲ್ಲಿಂದ ಎರಡನೇ ಬೇಸ್ ಅದರ ಹಿಂದಿರುತ್ತೆ. ನೀವು ನಿಂತ್ರೆ ಅಕ್ಕಪಕ್ಕದ ನೆಲನೂ ಹೋಯ್ತು. ಲಿಯೋನ್ ಚೆಂಡು ಹಿಡಿದಾಗ ಜನ ಕೂಗೋದು ಕೇಳಿಸುತ್ತೆ. ಹಿಡಿಯೋದನ್ನ ನಾನು ಒಂದು ಸಲಾನೂ ನೋಡಿಲ್ಲ."

ಗಸ್ ಕಬ್ಬಿಣವನ್ನು ಕೆಳಗಿಟ್ಟ. "ಅಲ್ಲ ಮಾರಾಯ, ಆ ಬೆಂಚಲ್ಲಿ ದನ ಕಟ್ಟೋಷ್ಟು ಜಾಗ ಖಾಲಿ ಇರುತ್ತೆ. ನಾಲ್ಕು ಮೊಳ ಆಚೆ ಸರಿದು ಕೂತ್ಕೊಳ್ಳೋಕೆ ನಿಂಗೇನಾಗಿತ್ತು?"

ರಸ್ತೆಯ ಗೂಟ ಒಂದು ಅಂಗುಲ ಸರಿದಿದ್ದರೂ ಕಿತ್ತು ನೆಡಿಸುವ ಮನುಷ್ಯ, ತಾನು ಸರಿದು ಕೂರದ ಕಾರಣ ಹೇಳಲಾರದೆ ನೆಲ ನೋಡುತ್ತ ನಿಂತ.

ಲಿಯೋನ್ ಮೊದಲು ನಕ್ಕ. ಆಮೇಲೆ ಅಂಗಡಿಯೇ ನಕ್ಕಿತು. ನಗದೆ ಉಳಿದವರು ಇಬ್ಬರೇ.

ಎರಡು ವರ್ಷ ದಿನಾ ಹಿಂದಿನ ದಿನದ ಬನ್ನು ತಿಂದ... ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ನಾನು ಟೋಪಿ ತೆಗೆಯುತ್ತಿದ್ದೆ. ತೆಗೆದು ಅವನ ಮುಖಕ್ಕೇ ಎಸೆಯುತ್ತಿದ್ದೆ. ವೆರ್ನಾ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದ್ರೆ ಬರೆದುಬಿಡ್ಲಾ?" ಗಸ್ ಕೇಳಿದ.

"ಬೇಡ," ಎಂದ ಲಿಯೋನ್. "ನೋಡದವನ ಮಾತು ಸೇರಿಸಿ ಬರೆದ ಹೆಸರು ನಂಗೆ ಬೇಡ. ಮೊಣಕಾಲಿಗೆ ಪಟ್ಟಿ ಬಿಗಿದು ಇನ್ನೊಂದು ವರ್ಷ ಆಡ್ತೀನಿ. ಆದ್ರೆ ಅಕ್ಕಾ, ಆ ಟೋಪಿನ ಒಲೆಗೆ ಹಾಕು."

ಹೊರಗೆ ನದಿಯ ಗಾಳಿ ಬೀಸುತ್ತಿತ್ತು. ಎಮೆಟ್ ತನ್ನ ಟ್ರಕ್ಕಿನ ಬಳಿ ನಿಂತಿದ್ದ. ವೆರ್ನಾ ಅವನೆದುರು ಬಂದು ನಿಂತಳು.

"ನಿನ್ನಂಥ ದಡ್ಡನನ್ನ ನಾನು ಕಂಡಿಲ್ಲ," ಎಂದಳು.

'ನೀವು' ಹೋಗಿ 'ನೀನು' ಆದದ್ದನ್ನು ಅವನು ಗಮನಿಸಿದ. "ನಾಳೆ ಬೇಕರಿಗೆ ಬರಬಹುದಾ?"

"ಬಾ. ಬಿಸಿಯದು ಕೊಡ್ತೀನಿ. ಬಾಯಿ ಸುಟ್ಟುಕೊಂಡಾದರೂ ಮಾತು ಕಲಿ."

"ಬೇಡ. ನಂಗೆ ನಿನ್ನೆಯದೇ ಅಭ್ಯಾಸ ಆಗಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಅವನ ಅಂಗಿಯ ತೋಳು ಹಿಡಿದು ಎಳೆದಳು. "ಮುಂದಿನ ವರ್ಷ ನನ್ನ ಪಕ್ಕದಲ್ಲಿ ಕೂತ್ಕೋ. ಅಲ್ಲಿಂದ ಎಲ್ಲಾ ಕಾಣುತ್ತೆ."

"ಪಕ್ಕದಲ್ಲಾ?" ಎಮೆಟ್ ನಿಜಕ್ಕೂ ಯೋಚನೆಗೆ ಬಿದ್ದ. "ಹಿಂದೆ ಕೂತಿದ್ದಕ್ಕೆ ಒಂದು ಜಾಗ ಖಾಲಿ ಬಂತು, ವೆರ್ನಾ. ಪಕ್ಕದಲ್ಲಿ ಕೂತ್ರೆ ಒಂಬತ್ತೂ ಖಾಲಿ ಬರಬಹುದು."

"ಬರಲಿ," ಎಂದಳು ಅವಳು, ತೋಳು ಬಿಡದೆ. "ಆದ್ರೆ ಲಿಯೋನ್ ಕಡೆ ಚೆಂಡು ಹೋದಾಗ ನಿನ್ನ ಗದ್ದ ಹಿಡಿದು ಅತ್ತ ತಿರುಗಿಸ್ತೀನಿ."