ಎರಡೂ ಚೌಕಕ್ಕೆ ಗುರುತು

ಕತ್ತರಿಸಿದರೆ ಐವತ್ತು ಸಾವಿರ, ಹೊಲಿದರೆ ತೊಂಬತ್ತು. ಕತ್ತರಿಸಿದರೆ ಎರಡು ವಾರ ಊರುಗೋಲು. ಹೊಲಿದರೆ ಆರು ವಾರ, ಮೊದಲಿನಂತೆ ಓಡಾಡಲು ಐದು ತಿಂಗಳು. ಎರಡೂ ಕೀಹೋಲ್ ಆಪರೇಷನ್ನೇ, ಸೊಂಟದ ಪಕ್ಕ ಎರಡು ಮೂರು ತೂತು, ಅಷ್ಟೇ. ಮದುವೆಗೆ ಉಳಿದಿದ್ದದ್ದು ನಲವತ್ತು ದಿನ.

ಈ ಲೆಕ್ಕವನ್ನು ತಹಸೀನ್‌ಗೆ ಫೋನಿನಲ್ಲಿ ಹೇಳಿದ್ದು ಅವಳನ್ನು ಮದುವೆಯಾಗಲಿದ್ದ ಶಾಬಾಜನ ಅಕ್ಕ. "ಹೊಲಿಸ್ಕೊಳ್ಳೋದೇ ಒಳ್ಳೇದು ಅಂತಿದ್ದಾನೆ ಶಾಬಾಜ್."

ಶೆಟ್ಟಿಹಳ್ಳಿಯ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ತಹಸೀನ್ ಆ ದಿನ ಒಂದು ತೋಳನ್ನು ಉಲ್ಟಾ ಕೂರಿಸಿದಳು. ಮದುವೆಯನ್ನು ಐದು ತಿಂಗಳು ಮುಂದಕ್ಕೆ ತಳ್ಳುವವನಿಗೆ ತಾನು ಬೇಕೋ ಬೇಡವೋ? ಅವನ ಫೋನ್ ಎರಡು ದಿನ ಎತ್ತಲಿಲ್ಲ.

ಭಾನುವಾರ ಅವನೇ ಗುಬ್ಬಿಯಿಂದ ಬಸ್ಸಿನಲ್ಲಿ ಬಂದ. ಬಡಗಿ ಅವನು, ಬಾಗಿಲು ಎತ್ತುವಾಗ ಕಾಲು ಜಾರಿ ಸೊಂಟದ ಕೀಲಿನೊಳಗೆ ಮೆತ್ತನೆ ಮೂಳೆಯ ಅಂಚು ಹರಿದಿತ್ತು. ಸ್ಟೂಲಿನ ತುದಿಯಲ್ಲಿ ಓರೆಯಾಗಿ ಕೂತ. ತಹಸೀನಳ ತಾಯಿ ಕುಲ್ಸುಂ ಬೀ ಪರದೆ ಅರ್ಧ ಸರಿಸಿಟ್ಟು ಟೀ ಮಾಡಲು ಒಳಗೆ ಹೋದಳು.

"ಕತ್ತರಿಸೋಕೇ ಹೇಳ್ತೀನಿ. ತಾರೀಕು ಉಳಿಯುತ್ತೆ" ಅಂದ.

"ಹೊಲಿಸ್ಕೋತೀನಿ ಅಂದ್ರಂತೆ?"

"ಅಂದಿದ್ದೆ. ಆಮೇಲೆ ನೀನು ಫೋನ್ ಎತ್ತಲಿಲ್ಲ."

ತಹಸೀನ್‌ಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಸೊಂಟ ನಿಮ್ದು. ನನ್ನ ಫೋನ್ ನೋಡಿ ಡಿಸೈಡ್ ಮಾಡ್ತೀರಾ?"

"ಇನ್ನೇನು ನೋಡಿ ಮಾಡ್ಲಿ? ಡಾಕ್ಟ್ರಿಗೇ ಈಗ ಗೊತ್ತಿಲ್ಲ. ಒಳಗೆ ಕ್ಯಾಮೆರಾ ಬಿಟ್ಟ ಮೇಲೇ ಅಂಚು ಗಟ್ಟಿ ಇದ್ಯಾ ಇಲ್ವಾ ಹೇಳ್ತಾರಂತೆ."

ಜೇಬಿನಿಂದ ಒಪ್ಪಿಗೆ ಪತ್ರ ತೆಗೆದ. ಅದರಲ್ಲಿ ಎರಡು ಚೌಕ. 'ಕತ್ತರಿಸುವುದು' ಅನ್ನುವುದಕ್ಕೆ ಮಾತ್ರ ಗುರುತು ಹಾಕಿದ್ದ.

ಅವಳು ಚಿಂದಿ ಬುಟ್ಟಿಯಿಂದ ಎರಡು ತುಂಡು ಎತ್ತಿ ಅವನ ಮೊಣಕಾಲ ಮೇಲಿಟ್ಟಳು. "ಇದು ಎಳೆ ಬಿಟ್ಟಿದೆ. ಸೂಜಿ ಹಾಕಿದಲ್ಲೆಲ್ಲ ಕಿತ್ಕೊಂಡು ಬರುತ್ತೆ, ಕತ್ತರಿಸಲೇಬೇಕು. ಇದು ಗಟ್ಟಿ ಇದೆ, ಕತ್ತರಿಸಿದ್ರೆ ದಂಡ. ಬಟ್ಟೆ ನೋಡದೆ ನಾನು ಕತ್ರಿ ಹಿಡಿಯಲ್ಲ. ನೀವು ಡಾಕ್ಟ್ರ ಕೈ ಕಟ್ತೀರಾ?"

ಪೆನ್ನು ಕಿತ್ತುಕೊಂಡು ಇನ್ನೊಂದು ಚೌಕಕ್ಕೂ ಗುರುತು ಹಾಕಿದಳು. ಅವನ ಕಣ್ಣು ಅವಳ ಬೆರಳ ಮೇಲೇ ಇತ್ತು.

"ಮದುವೆ ಬೇಡ ಅಂತಲ್ಲ ತಾನೇ?" ಇಬ್ಬರೂ ಒಟ್ಟಿಗೆ ಕೇಳಿದರು.

ಪರದೆಯ ಹಿಂದಿನಿಂದ ಕುಲ್ಸುಂ ಬೀ ಕೆಮ್ಮಿದಳು. "ಟೀ ಈಗ ತರ್ಲಾ, ಇನ್ನೊಂದು ಸಲ ಕುದಿಸ್ಲಾ?"

"ಕುದಿಸಿ" ಅಂದ ಶಾಬಾಜ್.

ಅಂಚು ಗಟ್ಟಿ ಇತ್ತು; ಡಾಕ್ಟರು ಹೊಲಿದರು. ಮದುವೆ ಐದು ತಿಂಗಳು ತಡವಾಯಿತು. ಕುಣಿಗಲ್ ರಸ್ತೆಯ ಶಾದಿ ಮಹಲಿಗೆ ಕೊಟ್ಟ ಅಡ್ವಾನ್ಸ್ ಹೋಯಿತು. ಆಪರೇಷನ್ ಖರ್ಚಿಗೆ ಶಾಬಾಜ್ ಮದುವೆ ಮಂಚಕ್ಕೆಂದು ಎತ್ತಿಟ್ಟಿದ್ದ ಸಾಗುವಾನಿ ಮಾರಿ, ಹಲಸಿನ ಮರದಲ್ಲೇ ಮಂಚ ಮಾಡಿದ. ಚಕ್ಕಳಮಕ್ಕಳ ಹಾಕಲು ಇನ್ನೂ ಆಗದೆ, ನಿಕಾಹ್‌ಗೆ ಕುರ್ಚಿಯ ಮೇಲೆ ಕೂತ. ಈಗ ಬಾಗಿಲನ್ನು ಒಬ್ಬನೇ ಎತ್ತುತ್ತಾನೆ. ಅವಳು ಅವನ ಫೋನನ್ನು ಒಂದೇ ರಿಂಗಿಗೆ ಎತ್ತುತ್ತಾಳೆ.