ಒಣ ಬೋರಿನ ಉಪವಾಸ

"ಓದೋ! ಗಟ್ಟಿಯಾಗಿ ಓದು! ನಿನ್ನ ಹೆಂಡ್ತಿ ನಿಮ್ಮಪ್ಪನ ಬಗ್ಗೆ ಏನ್ ಬರ್ದಾಳೆ ಅಂತ ಅವರ ಕಿವಿಗೂ ಬೀಳ್ಲಿ!"

ದ್ರಾಕ್ಷಾಯಣಮ್ಮನ ಕೂಗಿಗೆ ಹರಿಹರದ ಆ ಮನೆಯ ಪಡಸಾಲೆ ನಡುಗಿತು. ದೀಪ ಹಚ್ಚುವ ಹೊತ್ತು. ವಾಮದೇವಪ್ಪನವರು ಆಗಷ್ಟೇ ಲಿಂಗಪೂಜೆ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಿದ್ದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಮಗ ಪ್ರಶಾಂತ ಎರಡು ಹಾಳೆ ಹಿಡಿದು ಅಮ್ಮನ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡುತ್ತಿದ್ದ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಕೃತಿಕಾ ಒಂದು ಹೆಜ್ಜೆ ಮುಂದೆ ಬಂದಳು.

"ರೀ, ಬ್ಯಾಡ್ರಿ… ನಾನೇ ಮಾವನಿಗೆ ಹೇಳ್ತೀನ್ರಿ…"

"ನೀನೇನು ಹೇಳ್ತಿ? ಹೇಳೋದೆಲ್ಲಾ ಬರ್ದು ಮುಗಿಸೀಯಲ್ಲ!" ಎಂದು ಅತ್ತೆ ಸೊಸೆಯ ಬಾಯಿ ಮುಚ್ಚಿಸಿದಳು. ಅಮ್ಮನ ಮಾತು ಮೀರಿ ಗೊತ್ತಿಲ್ಲದ ಪ್ರಶಾಂತ ಓದಿದ.

"ಮುನ್ನೂರ ಹದಿನೆಂಟು ಜಾಗಗಳಲ್ಲಿ ನೀರು ಬಿದ್ದದ್ದು ನೂರ ಎಪ್ಪತ್ತನಾಲ್ಕರಲ್ಲಿ. ಅಂದರೆ ನೂರಕ್ಕೆ ಐವತ್ತೈದು. ಅದೇ ಊರುಗಳಲ್ಲಿ ಯಾರನ್ನೂ ಕೇಳದೆ ಕೊರೆಸಿದವರಿಗೂ ನೂರಕ್ಕೆ ಐವತ್ತೈದರಂತೆಯೇ ನೀರು ಸಿಕ್ಕಿದೆ. ತೆಂಗಿನಕಾಯಿಯಿಂದ ಜಾಗ ಆರಿಸಿದ್ದರಿಂದ ಯಾವ ವ್ಯತ್ಯಾಸವೂ ಆಗಿಲ್ಲ…"

ಅಲ್ಲಿಗೆ ಪ್ರಶಾಂತನ ದನಿ ಉಡುಗಿಹೋಯಿತು. ವಾಮದೇವಪ್ಪನವರು ಅಂಗೈ ಬಿಡಿಸಿ ಅದನ್ನೇ ನೋಡುತ್ತಾ ಕೂತರು.

ಆ ಅಂಗೈ ಅಂಥಿಂಥ ಅಂಗೈಯಲ್ಲ! ತಾಲ್ಲೂಕಿನಲ್ಲಿ ಯಾರೇ ಬೋರು ಕೊರೆಸಲಿ, ಲಾರಿ ಕರೆಯುವ ಮೊದಲು ವಾಮದೇವಪ್ಪನವರನ್ನು ಕರೆಯುತ್ತಿದ್ದರು. ಅವರು ಬರಿಗಾಲಲ್ಲಿ ಹೊಲ ಸುತ್ತುತ್ತಿದ್ದರು, ಅಂಗೈ ಮೇಲೆ ಅಡ್ಡಲಾಗಿ ಒಂದು ತೆಂಗಿನಕಾಯಿ. ಅದು ಎಲ್ಲಿ ತಾನಾಗಿ ನೆಟ್ಟಗೆ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಇದಕ್ಕಾಗಿ ಅವರು ಬಿಡಿಗಾಸು ಮುಟ್ಟಿದವರಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆಂಬ ನಂಬಿಕೆ. ತೋರಿಸಿದ ಜಾಗ, ಎಷ್ಟು ಅಡಿ ಕೊರೆದರು, ನೀರು ಬಿತ್ತೋ ಇಲ್ಲವೋ, ಎಲ್ಲವನ್ನೂ ಮೂವತ್ತು ವರ್ಷಗಳಿಂದ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ದಾವಣಗೆರೆಯಲ್ಲಿ ಪ್ರಶಾಂತ ಇಟ್ಟಿದ್ದ ಪಂಪ್‌ಸೆಟ್ ಅಂಗಡಿಯಲ್ಲಿ ದೇವರ ಪಟಕ್ಕಿಂತ ಅಪ್ಪನ ಫೋಟೋ ದೊಡ್ಡದಿತ್ತು. ಗಿರಾಕಿಗಳು ಕೈಮುಗಿಯುತ್ತಿದ್ದುದೂ ಅದಕ್ಕೇ ಮೊದಲು.

ಇನ್ನು ಕೃತಿಕಾ. ದಾವಣಗೆರೆಯಲ್ಲಿ ಎಂ.ಎಸ್ಸಿ. ಗಣಿತ ಮುಗಿಸಿದ ಹುಡುಗಿ. ಕೊನೆಯ ವರ್ಷ, ನೆಲದೊಳಗೆ ನೀರು ಹರಿಯುವುದನ್ನು ಒಂದು ಸಮೀಕರಣದಲ್ಲಿ ಹಿಡಿಯಬಹುದೆಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಅವಳಿಗೆ ಮೈ ಜುಮ್ಮೆಂದಿತ್ತು. ಕಲಿತರೆ ಭೂವಿಜ್ಞಾನವನ್ನೇ ಕಲಿಯಬೇಕು ಎಂದು ಅವತ್ತೇ ನಿಶ್ಚಯಿಸಿದ್ದಳು. "ಮದುವೆಯಾದ ಮೇಲೂ ಓದ್ಲಿ ಬಿಡ್ರಿ, ಬ್ಯಾಡ ಅನ್ನೋರು ಯಾರು?" ಎಂದು ಹೆಣ್ಣು ನೋಡಲು ಬಂದ ದಿನ ದ್ರಾಕ್ಷಾಯಣಮ್ಮನೇ ನಕ್ಕು ಹೇಳಿದ್ದಳು. ಹೆಣ್ಣು ನೋಡುವ ದಿನದ ಮಾತು ಉಪ್ಪಿಟ್ಟಿನ ತಟ್ಟೆಯ ಜೊತೆಗೇ ತೊಳೆದುಹೋಗುತ್ತದೆಂದು ಪಾಪ, ಹುಡುಗಿಗೇನು ಗೊತ್ತು!

ಮದುವೆಯಾಗಿ ಎರಡು ವರ್ಷ. ಎರಡು ಸಂಸ್ಥೆಗಳಿಗೆ ಅರ್ಜಿ ಹಾಕಿದಳು. ಗಣಿತ ಓದಿದವರು ನೆಲ ನೋಡಿದವರಲ್ಲ ಎಂದು ಎರಡೂ ಕಡೆ ಬಾಗಿಲು ಹಾಕಿಕೊಂಡಿತು. ಮೂರನೆಯದು ಹೈದರಾಬಾದಿನದು. ಅವರು ಮಾತ್ರ ಒಂದು ಕಿಟಕಿ ತೆರೆದಿದ್ದರು. "ನಿಮ್ಮ ಕಡೆಯ ನೆಲದ ಬಗ್ಗೆ, ನೀವೇ ಕಲೆಹಾಕಿದ ಅಂಕಿಗಳಿಂದ ಒಂದು ವರದಿ ಬರೆದು ಕಳಿಸಿ, ಅದು ಸರಿಯಿದ್ದರೆ ಭೂವಿಜ್ಞಾನ ಓದಿಲ್ಲವೆಂಬುದು ಅಡ್ಡಿಯಾಗದು" ಎಂದಿದ್ದರು. ಶುಕ್ರವಾರ ಸಂಜೆ ಐದಕ್ಕೆ ಗಡುವು. ಇವತ್ತು ಗುರುವಾರ.

ಕೃತಿಕಾ ಮಾವನ ನೋಟ್‌ಬುಕ್ಕನ್ನು ಕೇಳಿ ಪಡೆದಿದ್ದಳು. ಬೋರ್‌ವೆಲ್ ಲಾರಿಯ ಮೇಸ್ತ್ರಿ ಫೈಸಲ್‌ನಿಂದ, ಕಾಯಿ ನೋಡಿಸದೆ ಕೊರೆಸಿದವರ ಲೆಕ್ಕವನ್ನೂ ತಂದಿದ್ದಳು. ಮೂವತ್ತು ವರ್ಷದ ಹಿಂದೆ ಬಾತಿ ಗ್ರಾಮದಲ್ಲಿ ನೂರೆಂಬತ್ತು ಅಡಿಗೆ ಸಿಗುತ್ತಿದ್ದ ನೀರು ಈಗ ಆರುನೂರಕ್ಕೂ ಸಿಗುವುದಿಲ್ಲ. ಕಡರನಾಯಕನಹಳ್ಳಿಯಲ್ಲಿ ಹೊಳೆ ಪಕ್ಕದಲ್ಲಿದ್ದರೂ ನೀರಿನ ಮಟ್ಟ ಇಳಿಯುತ್ತಿದೆ. ವರದಿಯ ಜೀವಾಳ ಅದು. ಆದರೆ ಅರ್ಜಿಯಲ್ಲೊಂದು ಪ್ರಶ್ನೆಯಿತ್ತು: ಈ ಜಾಗಗಳನ್ನು ಆರಿಸಿದವರು ಯಾರು, ಹೇಗೆ ಆರಿಸಿದರು, ಆ ಆಯ್ಕೆಯಿಂದ ಅಂಕಿಗಳು ವಾಲಿವೆಯೆ? ಉತ್ತರ ಬರೆಯದೆ ಬಿಡುವಂತಿಲ್ಲ, ಸುಳ್ಳು ಬರೆಯಲು ಕೈ ಬಾರದು. ಬರೆದಳು. ದಾಖಲೆ ಯಾರದೋ ಅವರ ಸಹಿಯೂ ಬೇಕಿತ್ತು. ಮಾವನಿಗೆ ಕದ್ದು ಮಾಡುವುದು ಬೇಡ, ಓದಿ ಹೇಳಿಯೇ ಸಹಿ ಕೇಳೋಣವೆಂದು ಅಷ್ಟನ್ನೂ ಕನ್ನಡದಲ್ಲಿ ಬರೆದು ನೋಟ್‌ಬುಕ್ಕಿನೊಳಗೆ ಇಟ್ಟಿದ್ದಳು. ಅವಳ ಪ್ರಾಮಾಣಿಕತೆಯೇ ಅವಳ ಕೊರಳಿಗೆ ಉರುಳಾಯಿತು. ಧೂಳು ಒರೆಸಲು ಹೋದ ಅತ್ತೆಯ ಕೈಗೆ ಹಾಳೆ ಸಿಕ್ಕಿತು.

"ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ನೋಡು!" ದ್ರಾಕ್ಷಾಯಣಮ್ಮನ ಕಣ್ಣಲ್ಲೂ ನೀರಿತ್ತು. "ಆ ದೇವರಂಥ ಮನುಷ್ಯ ಎರಡು ಮೂರು ತಿಂಗಳಿಗೊಮ್ಮೆ ದಿನವಿಡೀ ಅನ್ನ ಬಿಟ್ಟು ಗುರುವಿನ ಧ್ಯಾನ ಮಾಡ್ತಾರೆ. ನಮಗ್ಯಾರಿಗೂ ಕಾರಣ ಹೇಳಲ್ಲ, ಕೇಳಿದ್ರೆ ನಗ್ತಾರೆ. ಅಂಥವರ ಕಾಯಿ ಸುಳ್ಳೇನೇ? ಹೇಳೇ!"

"ಸುಳ್ಳು ಅಂತ ಬರ್ದಿಲ್ರೀ ಅತ್ತೆ… ಲೆಕ್ಕ ಅಷ್ಟೇ ಹೇಳೋದು…"

"ಲೆಕ್ಕವಂತೆ ಲೆಕ್ಕ!" ಅತ್ತೆ ಸರಸರನೆ ಕೋಣೆಗೆ ಹೋಗಿ ಸೊಸೆಯ ಲ್ಯಾಪ್‌ಟಾಪನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೃತಿಕಾ ಗಂಡನ ಕಡೆ ನೋಡಿದಳು. ಪ್ರಶಾಂತ ಕೆಟ್ಟವನಲ್ಲ, ಆದರೆ ಬೆನ್ನೆಲುಬನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬರುವ ಜಾತಿಯವನು. "ಮುಂದಿನ ವರ್ಷ ಹಾಕಿದ್ರಾಯ್ತು ಬಿಡು" ಎಂದು ಗೋಡೆ ನೋಡುತ್ತಾ ಹೇಳಿದ.

ಬೆಳಿಗ್ಗೆ ಕೃತಿಕಾ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ವಾಮದೇವಪ್ಪನವರು ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಅವರ ಕೈಯಲ್ಲಿ ಆ ಹಾಳೆಗಳಿದ್ದವು, ಹೆಂಡತಿ ರಾತ್ರಿ ದಿಂಬಿನಡಿ ಇಟ್ಟಿದ್ದ ಬೀರುವಿನ ಕೀಲಿಕೈಯೂ ಇತ್ತು. ಅವಳು ಕೈ ಒರೆಸಿಕೊಂಡು ಗಡಬಡಿಸಿ ಎದ್ದಳು.

"ಕೂಡ್ರವ್ವ. ನಿನ್ನ ಲೆಕ್ಕ ಸರಿ ಐತೆ."

"ಮಾವ, ನನ್ನಿಂದ ತಪ್ಪಾತು…"

"ತಪ್ಪಿಲ್ಲ. ನೂರ ನಲವತ್ತನಾಲ್ಕು ಒಣ ಬೋರು. ನಂಗೆ ಬಾಯಿಪಾಠ ಐತೆ. ಯಾಕ ಗೊತ್ತಾ? ಒಂದೊಂದು ಒಣ ಬೋರಿಗೂ ಒಂದೊಂದಿನ ಅನ್ನ ಬಿಟ್ಟೀನಿ." ಅವರು ಮೆಲ್ಲಗೆ ನಕ್ಕರು. "ನಿಮ್ಮತ್ತೆ ಅದನ್ನ ಧ್ಯಾನ ಅಂತಾಳೆ."

ಕೃತಿಕಾ ಅವರ ಎದುರು ಕೂತಳು. "ಗೊತ್ತಿದ್ದೂ… ಯಾಕ್ರೀ ಮಾವ?"

"ನಮ್ಮಕ್ಕ ಇದ್ಲು, ಮರುಳಸಿದ್ದಮ್ಮ ಅಂತ. ಮದುವೆಯಾಗಿ ಹೋದ ವರ್ಷ ಅವರ ಹೊಲದಾಗೆ ಕೊರೆಸಿದ ಬೋರು ಒಣಗ್ತು. ಹೊಸ ಸೊಸೆ ಕಾಲ್ಗುಣ ಸರಿಯಿಲ್ಲ ಅಂದ್ರು. ತವರಿಗೆ ಅಟ್ಟಿದ್ರು. ಸಾಯೋತನಕ ಈ ಹಿತ್ತಲಾಗೇ ಇದ್ಲು… ಈ ಕಲ್ಲಿನ ಮ್ಯಾಲೇ ಕೂತ್ಕೊಂಡು 'ನನ್ನ ಕಾಲು ಏನು ಮಾಡಿತ್ತೋ ತಮ್ಮಾ' ಅಂತ ಕೇಳೋಳು." ಮುದುಕರು ಕಲ್ಲನ್ನು ಅಂಗೈಯಿಂದ ಸವರಿದರು. "ನೀರು ಸಿಗದಿದ್ರೆ ಯಾರನ್ನಾದ್ರೂ ಬೈಯಲೇಬೇಕು ನಮ್ಮ ಜನಕ್ಕೆ. ಮನಿಯಾಗಿನ ಹೆಣ್ಮಗಳನ್ನ ಬೈಯೋ ಬದ್ಲು ನನ್ನ ಬೈಲಿ ಅಂತ ಕಾಯಿ ಹಿಡಿದೆ. ಹಿಡಿದಾಗ ನಿಜವಾಗ್ಲೂ ಎದ್ದು ನಿಲ್ತಿತ್ತವ್ವ… ಅದು ಸುಳ್ಳಲ್ಲ."

ಅವರು ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಕೆಳಗೆ ನಿಧಾನಕ್ಕೆ ಸಹಿ ಹಾಕಿ, ಕೀಲಿಕೈಯನ್ನು ಸೊಸೆಯ ಒದ್ದೆ ಕೈಯಲ್ಲಿಟ್ಟರು. "ಕಳಿಸು. ಓದು. ನಂಗಿನ್ನು ವಯಸ್ಸಾತು" ಎಂದರು. ಕೃತಿಕಾ ಮಾವನ ಕಾಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಬೀರು ತೆರೆಯುವ ಸದ್ದಿಗೆ ಬಂದ ಅತ್ತೆಗೆ ಅವರೇ ಅಡ್ಡ ನಿಂತರು.

ವರದಿಯ ಉಳಿದ ಪುಟಗಳನ್ನು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಗಿ, ಎಲ್ಲವೂ ಸಿದ್ಧವಾಗಿತ್ತು. ಸಹಿಯ ಹಾಳೆಯ ಫೋಟೋ ತೆಗೆದು ಸೇರಿಸಿ ಇನ್ನೊಮ್ಮೆ ಓದಿ ಕಳಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು.

ನಂದಿಗುಡಿಯಿಂದ ಜಂಬಯ್ಯ ಬಂದಿದ್ದ, ಕಾಲುವೆ ನೀರು ತಲುಪದ ಮೂರೆಕರೆಯ ಒಡೆಯ. ಹಿಂದೆ ತಲೆ ತಗ್ಗಿಸಿಕೊಂಡು ಸೊಸೆ ಲತಾ ನಿಂತಿದ್ದಳು, ಕೃತಿಕಾಳಿಗಿಂತ ಚಿಕ್ಕವಳು. ಯಾರನ್ನೂ ಕೇಳದೆ ಎರಡು ಬೋರು ಕೊರೆಸಿ ಎರಡೂ ಒಣಗಿದ್ದವು. ನಾಳೆ ಬೆಳಿಗ್ಗೆ ಲಾರಿ ಮೂರನೆಯದಕ್ಕೆ ಬರುವುದಿತ್ತು.

"ನೀವೇ ಗತಿ ಯಜಮಾನ್ರೆ. ಈ ಹುಡ್ಗಿ ಕಾಲಿಟ್ಟ ಗಳಿಗೆ ನಮಗೆ ಹಿಂಗಾತು. ಇದೂ ಒಣಗಿದ್ರೆ ಇವಳನ್ನ ತವರಿಗೆ ಬಿಟ್ಟು ಬರ್ತೀವಿ ಅಂತ ಮನಿಯಾಗೆ ಮಾತಾಗೈತೆ."

ವಾಮದೇವಪ್ಪನವರು ಎದ್ದು, ಬಾಗಿಲ ಬಳಿಯಿದ್ದ ಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಹೊರಡುವ ಮುನ್ನ ಗುರುವನ್ನು ನೆನೆದರೆ ಕಾಯಿ ಅಲ್ಲೇ ಒಮ್ಮೆ ಮಿಸುಕುವುದು ವಾಡಿಕೆ. ಇವತ್ತು ಮಿಸುಕಲಿಲ್ಲ. ಇನ್ನೊಮ್ಮೆ ಇಟ್ಟು ನೋಡಿದರು, ಆಗಲೂ ಇಲ್ಲ.

"ಏಳ್ತಿಲ್ಲ ಜಂಬಯ್ಯ… ನಿನ್ನೆ ಸಂಜಿಂದ ಕೈ ಸತ್ತೈತೆ. ನನ್ನ ಕೈಲಾಗಲ್ಲ."

"ಅಂದ್ರೆ ಇವಳ ನೆರಳಿಗೆ ನಿಮ್ಮ ಕಾಯೂ ಹೆದ್ರಿತಾ!" ಎಂದ ಜಂಬಯ್ಯ. ಅವನ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. ಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತನ್ನ ಕಾಲುಗಳನ್ನೇ ನೋಡಿದಳು. ಯಾರದೋ ಕಾಲು ನೋಡುವಂತೆ ನೋಡಿದಳು.

ಕೃತಿಕಾ ಅದನ್ನು ಕಂಡಳು. ಕೋಣೆಯೊಳಗೆ ತೆರೆದಿಟ್ಟ ಲ್ಯಾಪ್‌ಟಾಪ್. ಇಲ್ಲಿ ಈ ಹುಡುಗಿ. ನೂರಕ್ಕೆ ಐವತ್ತೈದು! ಯಾವ ಕಾಯಿಯೂ ಇದನ್ನು ಹೆಚ್ಚಿಸದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಿಜ ಹೇಳಿದರೆ ಜಂಬಯ್ಯ ಕೇಳಿಯಾನೆ? ನಲವತ್ತೈದರಲ್ಲಿ ಬಿದ್ದರೆ ಆ ಲೆಕ್ಕ ಲತಾಳ ತಲೆಗೇ ತಾನೆ? ಕಾಯಿ ಹಿಡಿದರೆ, ಹಿಡಿದ ಕೈಯಿಂದ ಆ ವರದಿ ಕಳಿಸುವುದು ಹೇಗೆ? ಇವತ್ತಲ್ಲ, ಮುಂದಿನ ವರ್ಷವೂ ಇಲ್ಲ… ದೇವರೇ, ಎತ್ತ ತಿರುಗಿದರೂ ಗೋಡೆ!

ಅವಳು ಮುಂದೆ ಬಂದು ಮಾವನ ಅಂಗೈಯಿಂದ ಕಾಯಿ ಎತ್ತಿಕೊಂಡಳು.

"ಮಾವ ಕಲಿಸ್ಯಾರೆ. ನಾನು ನೋಡ್ತೀನಿ, ನಡೀರಿ."

"ಕೃತಿಕಾ! ಬ್ಯಾಡವ್ವಾ, ಐದು ಗಂಟೆಗೆ…" ಎಂದು ವಾಮದೇವಪ್ಪನವರು ಚೀರಿದರು. ಮನೆಯಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು. ಅವಳು ತಿರುಗಿ ನೋಡಲಿಲ್ಲ, ನೋಡಿದ್ದರೆ ಹೋಗಲಾಗುತ್ತಿರಲಿಲ್ಲ.

ನಂದಿಗುಡಿಯ ಹೊಲದಲ್ಲಿ ಅವಳು ಚಪ್ಪಲಿ ಬಿಟ್ಟು ನಡೆದಳು. ಹಿಂದೆ ಅಕ್ಕಪಕ್ಕದ ಹೊಲಗಳಲ್ಲಿ ಎಲ್ಲೆಲ್ಲಿ ನೀರು ಬಿದ್ದಿತ್ತೆಂದು ನೋಟ್‌ಬುಕ್ಕಿನ ಅಂಕಿಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಆಸೆ ಇಡಬಹುದಾದ ಒಂದು ಮೂಲೆ ಆರಿಸಿದಳು. ಅಲ್ಲಿ ಬೆರಳು ಒತ್ತಿ ಕಾಯಿಯನ್ನು ಎಬ್ಬಿಸಿ ನಿಲ್ಲಿಸಿದಳು. ಸುತ್ತ ನಿಂತವರು ಕೈಮುಗಿದರು. ಜಂಬಯ್ಯ ಅಲ್ಲಿ ಗೂಟ ಹೊಡೆಯುವಾಗ ಅವಳ ಫೋನಿನಲ್ಲಿ ಐದು ಗಂಟೆಗೆಂದು ಇಟ್ಟಿದ್ದ ಅಲಾರಾಂ ಹೊಡೆದುಕೊಂಡಿತು. ಕೃತಿಕಾ ಅದನ್ನು ಆರಿಸಿ ಫೋನನ್ನು ಚೀಲದೊಳಗೆ ಇಟ್ಟಳು.

ಆ ರಾತ್ರಿ ದ್ರಾಕ್ಷಾಯಣಮ್ಮ ಸೊಸೆಗೆ ದೃಷ್ಟಿ ತೆಗೆದಳು! ತಾನೇ ತಟ್ಟೆಗೆ ತುಪ್ಪ ಬಡಿಸಿದಳು, "ನಮ್ಮನಿ ಕೈಗುಣ ಉಳೀತು" ಎಂದು ಕಣ್ಣೊರೆಸಿಕೊಂಡಳು. ಅಂಗಡಿಯಲ್ಲಿ ಅಪ್ಪನ ಫೋಟೋ ಪಕ್ಕ ಹೆಂಡತಿಯದನ್ನೂ ಹಾಕಿಸುವುದಾಗಿ ಪ್ರಶಾಂತ ಸಂಭ್ರಮದಿಂದ ಹೇಳಿದ. ವಾಮದೇವಪ್ಪನವರೊಬ್ಬರು ಮಾತ್ರ ತಲೆ ಎತ್ತಲಿಲ್ಲ. ಅವರ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ಫೈಸಲ್ ಫೋನು ಮಾಡಿದ. ಏಳುನೂರು ಅಡಿ ಹೋದೆವು ಅಕ್ಕಾ, ಬರೀ ಧೂಳು ಎಂದ. ಜಂಬಯ್ಯ ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ ಎಂದ.

"ಯಾರನ್ನ?" ಎಂದು ಕೇಳಿದಳು ಕೃತಿಕಾ.

"ನಿಮ್ಮನ್ನೇ ಅಕ್ಕಾ. ಬೇಜಾರು ಮಾಡ್ಕೋಬ್ಯಾಡ್ರಿ… ಮುದುಕರ ಕೈಗುಣ ಸೊಸೆಗೆ ಎಲ್ಲಿ ಬರ್ತೈತೆ ಅಂತ ಊರೆಲ್ಲ ಅದೇ ಮಾತು."

"ಲತಾ?"

"ಆ ಹುಡ್ಗೀನಾ? ನಮಗೆ ಈಗ ಚಾ ತಂದುಕೊಟ್ಟು ಹೋದ್ಲಲ್ಲ."

ಕೃತಿಕಾ ಫೋನು ಇಟ್ಟು, ಮಾವನ ನೋಟ್‌ಬುಕ್ ತೆರೆದು, ಕೊನೆಯ ಸಾಲಿನ ಕೆಳಗೆ ಊರು, ಅಡಿ, ತಾರೀಕು ಬರೆದಳು. ನೀರಿನ ಕಾಲಂನಲ್ಲಿ 'ಇಲ್ಲ' ಎಂದು ಬರೆದಳು. ಆಮೇಲೆ ಅಡಿಗೆಮನೆಗೆ ಬಂದಳು. ದ್ರಾಕ್ಷಾಯಣಮ್ಮ ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದಳು.

"ಅತ್ತೆ, ಇವತ್ತು ನನ್ನ ಪಾಲಿನ ಅಕ್ಕಿ ಹಾಕಬ್ಯಾಡ್ರಿ."

"ಯಾಕವ್ವ? ಮೈಗೆ ಹುಷಾರಿಲ್ಲೇನು?"

ಕೃತಿಕಾ ನಕ್ಕಳು. ಪಡಸಾಲೆಯಲ್ಲಿ ಕೂತಿದ್ದ ವಾಮದೇವಪ್ಪನವರಿಗೆ ಆ ಮಾತು ಕೇಳಿಸಿತು. ಅವರು ಟವೆಲಿನಿಂದ ಮುಖ ಮುಚ್ಚಿಕೊಂಡು, "ನಂಗೂ ಬ್ಯಾಡ" ಎಂದರು.